ಆಟಿಯಲ್ಲಿ ಹಡಗು ತೋರಿಸಿದ ಡೊಂಬಯ್ಯ

ವೇಣೂರಿನ ಡೊಂಬಯ್ಯನಿಗೆ ಮಂಗಳೂರು ಬಂದರಿನ ಮೂಲೆ ಮೂಲೆಯೂ ಗೊತ್ತು ಎಂದು ಊರೇ ನಂಬಿತ್ತು. ನಂಬದಿದ್ದವನು ಡೊಂಬಯ್ಯ ಒಬ್ಬನೇ. ಅವನು ಮಂಗಳೂರಿಗೆ ಮೊದಲೇ ಸಿಗುವ ಪಾಣೆಮಂಗಳೂರಿನಿಂದ ಆಚೆ ಹೋದವನಲ್ಲ. ಅಲ್ಲಿಯ ಪೇಟೆಯಲ್ಲಿ ಅಡಿಕೆ ಇಳಿಸಿ, ವ್ಯಾಪಾರಿಗಳು ಹೇಳಿದ ಹಡಗಿನ ಕಥೆಗಳನ್ನು ತಾನೇ ಕಂಡಂತೆ ಊರಲ್ಲಿ ಹೇಳುವುದು ಅವನ ಚಾಳಿ. ಮದುವೆಯಾದ ಹೊಸತರಲ್ಲಿ ಹೆಂಡತಿ ಪೂವಮ್ಮನ ಮುಂದೆಯೂ ಒಂದು ಬಿಟ್ಟಿದ್ದ: ಅಲ್ಲಿ ಹಡಗುಗಳು ದಡದಲ್ಲೇ ನಿಲ್ಲುತ್ತವೆ, ಕೈಗೆ ಸಿಗುತ್ತವೆ. ಬಾಯಿ ಅವನ ಮಾತು ಕೇಳಿದ್ದುಂಟೇ?

ನಯಾಪೈಸೆ ಬಂದ ವರ್ಷ ಪೂವಮ್ಮ ಪಟ್ಟು ಹಿಡಿದಳು. ಮಕ್ಕಳು ದೊಡ್ಡವರಾದರು, ಒಂದು ದಿನದ ಮಟ್ಟಿಗಾದರೂ ಹಡಗು ತೋರಿಸಿ ಎಂದಳು. ಇಷ್ಟು ವರ್ಷ ಕಾಪಾಡಿಕೊಂಡ ಮಾನ ಹೆಂಡತಿಯ ಎದುರೇ ಹೋಗುವುದೆಂದರೆ ಸುಮ್ಮನೆಯೇ? ಒಳಗೊಳಗೇ ಬೆವರಿದ ಡೊಂಬಯ್ಯ ಹೊರಗೆ ಮಾತ್ರ ಪಟೇಲರ ಗತ್ತಿನಲ್ಲಿ ಏರ್ಪಾಡಿಗೆ ಕೂತ. ಭತ್ತದ ನೇಜಿ ನೆಟ್ಟು ಮುಗಿದರೆ ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಗದ್ದೆಯ ಕೆಲಸವಿಲ್ಲ, ಆದ್ದರಿಂದ ಆಟಿಯೇ ಪ್ರಶಸ್ತ ಎಂದು ಸಾರಿದ. ಮೊದಲ ಬಸ್ಸಿಗೆ ಮೂಡುಬಿದಿರೆ, ಅಲ್ಲಿಂದ ಇನ್ನೊಂದು ಬಸ್ಸು, ಮೊದಲು ಕದ್ರಿ, ಆಮೇಲೆ ಬಾವುಟಗುಡ್ಡೆ, ಊಟ, ಕೊನೆಗೆ ಬಂದರು. ನೆಂಟರಿಗೆ ಸುಳಿವು ಕೊಡಬಾರದು. ಕೊಟ್ಟರೆ ಮನೆಮನೆಯಲ್ಲಿ ಬೆಲ್ಲ ನೀರು ಕುಡಿಯುವುದರಲ್ಲೇ ದಿನ ಮುಗಿದೀತು. ದಾರಿ ಗೊತ್ತಿಲ್ಲದ್ದಕ್ಕೂ ಉಪಾಯವಿತ್ತು: ಪೂವಮ್ಮನನ್ನು ಬದಿಯಲ್ಲಿ ನಿಲ್ಲಿಸಿ, ಎಲೆಯಡಿಕೆ ಕೊಳ್ಳುವ ನೆಪದಲ್ಲಿ ಅಂಗಡಿಯವನನ್ನು ಕೇಳುವುದು. ಈ ತಲೆಯನ್ನು ಒಳ್ಳೆಯದಕ್ಕೆ ಖರ್ಚು ಮಾಡಿದ್ದರೆ ಎಲ್ಲಿಗೋ ಮುಟ್ಟುತ್ತಿದ್ದೆ ಎಂದು ಅವನಿಗೇ ನಗು ಬಂತು.

ಗಂಡ ಹೆಂಡತಿ ಇಬ್ಬರೇ ಹೊರಟದ್ದಾಯಿತು. ತೋಟದ ಅಡಿಕೆ ಸಂಚಿಯಲ್ಲಿರುವಾಗಲೇ ಅಂಗಡಿ ಅಂಗಡಿಯದ್ದು ಜಗಿದು, ಬಂದರು ಮುಟ್ಟುವಷ್ಟರಲ್ಲಿ ಡೊಂಬಯ್ಯನ ಬಾಯಿ ಬೆಂದುಹೋಗಿತ್ತು. ಹಡಗು ಕಟ್ಟುವ ದಕ್ಕೆಯಲ್ಲಿ ನೋಡಿದರೆ ನೀರಿನ ಮೇಲೆ ಒಂದು ಹಡಗೂ ಇಲ್ಲ. ಮಳೆಯಲ್ಲಿ ಹೊಳೆ ಕೆಂಪಗೆ ಹರಿಯುತ್ತಿತ್ತು. ಸರಕು ಸಾಗಿಸುವ ಮಂಜಿ ಎಂಬ ಮರದ ಹಡಗುಗಳನ್ನು ದಡಕ್ಕೆ ಎಳೆದು ತೆಂಗಿನ ಮಡಲು ಹೊದಿಸಿದ್ದರು. ಅದರಡಿ ಹಗ್ಗ ಹೊಸೆಯುತ್ತಿದ್ದ ಖಲಾಸಿ ಅಬ್ದುಲ್ ಹಕೀಂ ಇವರನ್ನು ಕನಿಕರದಿಂದ ನೋಡಿದ.

“ಆಟಿಯಲ್ಲಿ ಕಡಲಿಗೆ ಯಾರು ಹೋಗ್ತಾರೆ ಮಾರಾಯ್ರೆ? ನಿಮ್ಮ ಗದ್ದೆಗೆ ರಜೆ ಇರುವಾಗ ನಮ್ಮ ಕಡಲಿಗೂ ರಜೆ. ಮುಂದಿನ ಸೋಣ ತಿಂಗಳೂ ಕಳೆದು ಬನ್ನಿ.”

ಬಂದರನ್ನು ಅರೆದು ಕುಡಿದವನಿಗೆ ಇಷ್ಟೂ ಹೊಳೆದಿರಲಿಲ್ಲ. ನಾಚಿಕೆಯಿಂದ ಡೊಂಬಯ್ಯ ಕೊಡೆಯನ್ನು ಮೂಗಿನವರೆಗೆ ತಗ್ಗಿಸಿದ.

ಪೂವಮ್ಮ ಮಳೆಯಲ್ಲೇ ನಡೆದುಹೋಗಿ ಒಂದು ಮಂಜಿಯ ಬದಿಗೆ ಅಂಗೈ ಒತ್ತಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

“ನೀವು ಹೇಳಿದ್ದು ಸರಿ. ಕೈಗೆ ಸಿಗ್ತದೆ.”

ಅವನಿಗೆ ಹೋದ ಜೀವ ಬಂತು. ಬಸ್ಸು ನಿಲ್ಲುವಲ್ಲಿಗೆ ಯಾವ ಬೀದಿಯೆಂದು ತಿಳಿಯದೆ ಮತ್ತೆ ಒಂದು ಅಂಗಡಿಯ ಕಡೆ ತಿರುಗಿದಾಗ ಪೂವಮ್ಮ ಅವನ ಕೊಡೆ ಹಿಡಿದು ನಿಲ್ಲಿಸಿದಳು.

“ಎಲೆಯಡಿಕೆ ಸಾಕು. ದಾರಿ ನಾನು ಕೇಳ್ತೇನೆ.”