ಸೆರಗು ನೋಡಿ ಕೊಂಡ ಮೋಟಾರು

ಮೊಳಕಾಲ್ಮೂರಿನಲ್ಲಿ ನಮ್ಮದು ರೇಷ್ಮೆ ಸೀರೆಯ ವ್ಯಾಪಾರ. ಕೊಳ್ಳುವವರು ಮೊದಲು ಸೆರಗು ಬಿಚ್ಚಿಸುತ್ತಿದ್ದರು, ಆಮೇಲೆ ಅಂಚು. ಸೀರೆಯ ಒಡಲನ್ನು ಬೆರಳಲ್ಲಿ ಹಿಡಿದು ನೋಡುವವರು ಅಪರೂಪ. ನಾವೂ ಸೆರಗೇ ಮೇಲೆ ಬರುವಂತೆ ಮಡಿಸಿಡುತ್ತಿದ್ದೆವು. ಬಳ್ಳಾರಿಗೆ ಹಳೆಯ ಮೋಟಾರು ಕೊಳ್ಳಲು ಹೋದಾಗಲೂ ನನ್ನ ಕಣ್ಣಿಗೆ ಅದೇ ಅಭ್ಯಾಸ.

ಅಲ್ಲಿ ಎರಡು ಮೋಟಾರುಗಳಿದ್ದವು. ಒಂದರ ಬಣ್ಣ ಹೋಗಿತ್ತು, ಸೀಟು ಹಲಗೆಯಂತಿತ್ತು. ಆದರೆ ಹ್ಯಾಂಡಲ್ ತಿರುಗಿಸಿದ ಕೂಡಲೇ ಎಂಜಿನ್ ಶುರುವಾಗುತ್ತಿತ್ತು. ಇನ್ನೊಂದಕ್ಕೆ ಹಿತ್ತಾಳೆ ಹಾರ್ನು, ಮಡಿಸುವ ಟಾಪು, ಚರ್ಮದ ಮೆತ್ತೆ. ಅದು ತಿರುಗಿಸಿ ತಿರುಗಿಸಿ ತೋಳು ಸೋತ ಮೇಲೆ ಕೆಮ್ಮುತ್ತಾ ಎದ್ದಿತು.

"ಲೇ, ಮೊದ್ಲಿಂದು ತಗಾ. ಕುಂತ್ರೆ ನೋವಾದ್ರೂ ಊರು ಮುಟ್ಟಿಸ್ತೈತೆ," ಅಂದ ಜೊತೆಗೆ ಬಂದಿದ್ದ ಅಣ್ಣ.

"ಚಳ್ಳಕೆರೆ ಸಾವ್ಕಾರ್ರ ಬಾಗ್ಲಾಗೆ ಆ ತಗಡಿನ ಡಬ್ಬಿಯಿಂದ ಇಳೀಲೇನಣ್ಣಾ?"

"ಇಳಿಯಾಕೆ ಮೊದ್ಲು ಅಲ್ಲಿಗೆ ಹೋಗ್ಬೇಕಲ್ಲಲೇ!"

ನಾನು ಹಾರ್ನು ಒತ್ತಿ ನೋಡಿದೆ. ಮತ್ತೆ ಯೋಚಿಸದೆ ಅದನ್ನೇ ಕೊಂಡೆ.

ಸ್ವಲ್ಪ ದಿನಕ್ಕೆ ಚಳ್ಳಕೆರೆಯ ಒಂದು ಮನೆಗೆ ಧಾರೆ ಸೀರೆ ಒಪ್ಪಿಸಬೇಕಾಯಿತು. ನಮ್ಮ ನೇಕಾರ ಹೇಳಿದ ಹೊತ್ತಿಗಿಂತ ಮುಂಚೆಯೇ ಅದನ್ನು ನೇಯ್ದು ಕೊಟ್ಟಿದ್ದ. ಎತ್ತಿನ ಗಾಡಿಯಲ್ಲಿ ಆಗಲೇ ಕಳಿಸಬಹುದಿತ್ತು. ಮದುವೆಮನೆಯ ಮುಂದೆ ಮೋಟಾರಿನಿಂದಲೇ ಇಳಿಯಬೇಕೆಂಬ ಹಟ ನನ್ನದು. ಮುಹೂರ್ತದ ದಿನ ಬೆಳಗ್ಗೆ ಹೊರಟೆ.

ದಾರಿಯುದ್ದಕ್ಕೂ ಅದು ನಿಂತು ನಿಂತು ಕಾಡಿತು. ಇಳಿದೆ, ತಿರುಗಿಸಿದೆ, ನೀರು ಹುಯ್ದೆ, ಬೈದೆ. ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವನೊಬ್ಬ ಹತ್ತಿರ ಬಂದು, "ಹಾರ್ನು ಚೆಂದಾಗೈತ್ರೀ. ಅದನ್ನೇ ಕಿತ್ಗಂಡು ಊದ್ತಾ ನಡೀರಿ," ಅಂದು ನಕ್ಕ. ಕೊನೆಗೆ ಯಾರದೋ ಎತ್ತಿನ ಗಾಡಿ ಹತ್ತಿ ಹೋದೆ. ನಾನು ಮುಟ್ಟುವಷ್ಟರಲ್ಲಿ ಧಾರೆ ಮುಗಿದಿತ್ತು. ಮದುಮಗಳು ತನ್ನ ಅವ್ವನ ಹಳೆಯ ಸೀರೆಯಲ್ಲಿ ಕೂತಿದ್ದಳು.

"ಏನ್ರೀ ಇದು, ಹಿಂಗಾ ಮಾಡಾದು?" ಎಂದು ಹುಡುಗಿಯ ತಂದೆ ಕೇಳಿದರು.

"ನೇಕಾರ ತಡ ಮಾಡಿಬಿಟ್ಟ ಕಣ್ರೀ," ಅಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತು! ಆ ಮಾತು ಹಬ್ಬಿ, ಚಳ್ಳಕೆರೆಯ ಗಿರಾಕಿಗಳು ನೇಕಾರನ ಮಗ್ಗದ ಸೀರೆ ಬೇಡವೆನ್ನತೊಡಗಿದರು. ಒಂದು ದಿನ ಅವನೇ ಅಂಗಡಿಗೆ ಬಂದ.

"ಏಮಿ ಸಾಮಿ, ನಾನ್ಯಾವಾಗ ತಡ ಮಾಡ್ದೆ?"

ಅಣ್ಣ ನನ್ನ ಮುಖ ನೋಡಿದ. "ಆಮೇಲೆ ಮಾತಾಡಾನ," ಎಂದು ನಾನು ಒಳಗೆದ್ದು ಹೋದೆ. ಆಮೇಲೆ ನಾನು ಅವನ ಮನೆ ಕಡೆ ಸುಳಿಯಲೇ ಇಲ್ಲ. ಅವನು ಮಗ್ಗ ಬಿಚ್ಚಿಕೊಂಡು ಸಂಸಾರ ಸಮೇತ ಊರು ಬಿಟ್ಟ. ನಾನು ಆರಿಸಿದ ಮೋಟಾರು ಕೆಟ್ಟಿತ್ತು ಎಂಬ ಒಂದು ಮಾತು ಅವನನ್ನು ಉಳಿಸುತ್ತಿತ್ತು. ಅದನ್ನು ಹೇಳಲು ನನ್ನ ನಾಲಿಗೆ ಏಳಲಿಲ್ಲ.