ಗಾಳಿಯಲ್ಲಿದ್ದ ಸವಳಂಗದ ಹುಡುಗಿ

ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಕಾಲು ನಡುಗುವ ಹೆಂಗಸು ನಾನು. ಇಂಥವಳು ಸರ್ಕಸ್ಸಿನ ಚರಿತ್ರೆ ಬರೆಯಲು ಹೊರಟಿದ್ದೇನೆ ಎಂದಾಗ ಹೊನ್ನಾಳಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಮನಸಾರೆ ನಕ್ಕರು. “ಪರೀಕ್ಷೆಗೆ ಮುಂಚೆ ಸಿಲಬಸ್ ಮುಗಿಸಾದೇ ದೊಡ್ಡ ಸರ್ಕಸ್ ಐತೆ ಮೇಡಂ, ಅದನ್ನೇ ಬರೀರಿ” ಎಂದರು ಅರ್ಥಶಾಸ್ತ್ರದ ಮೇಷ್ಟ್ರು.

ಅವರು ಹೇಳಿದ್ದರಲ್ಲೂ ಹುರುಳಿತ್ತು. ಡೇರೆಗಳು ಬರುವುದು ನಿಂತ ಮೇಲೆ ಸರ್ಕಸ್ಸು ನಮ್ಮ ಕಡೆ ಮಾತಿನಲ್ಲಷ್ಟೇ ಉಳಿದಿದೆ. ಗ್ಯಾಸ್ ಸಿಲಿಂಡರ್ ತರಿಸುವುದು ಸರ್ಕಸ್ಸು, ಸಂಜೆ ಬಸ್ಸಿನಲ್ಲಿ ಸೀಟು ಹಿಡಿಯುವುದು ಸರ್ಕಸ್ಸು. ಹಾಗೆ ನೋಡಿದರೆ ಸರ್ಕಸ್ ಎಂಬ ಶಬ್ದ ಬರುವ ಎಷ್ಟೋ ಮೊದಲೇ ನಮ್ಮ ಹಳೆಯ ಗುಡಿಗಳ ಗೋಡೆಯ ಮೇಲೆ ಲಾಗ ಹಾಕುವವರು ಬಂದು ಕೂತಿದ್ದರು. ಗುಡಿ ಕಟ್ಟಿಸಿದವನ ಹೆಸರು ಶಾಸನದಲ್ಲಿರುತ್ತದೆ. ಲಾಗ ಹಾಕಿದವನ ಹೆಸರು ಎಲ್ಲಿಯೂ ಇಲ್ಲ.

ನನ್ನನ್ನು ಈ ಕೆಲಸಕ್ಕೆ ಹಚ್ಚಿದವರು ನ್ಯಾಮತಿಯ ಫಾತಿಮಮ್ಮ. ಹುಟ್ಟಿದ್ದು ಸವಳಂಗದಲ್ಲಿ, ಈಗ ಮಗಳ ಮನೆಯಲ್ಲಿದ್ದು ಬ್ಲೌಸು ಹೊಲಿಯುತ್ತಾರೆ. ಅವರ ತಂದೆ ಸರ್ಕಸ್ಸಿನ ಆನೆಗಳಿಗೆ ಎತ್ತಿನ ಗಾಡಿಯಲ್ಲಿ ಹಸಿ ಮೇವು ಹೊಡೆಯುತ್ತಿದ್ದರಂತೆ. ಗಾಡಿಯ ಜೊತೆ ಹೋಗುತ್ತಿದ್ದ ಹುಡುಗಿ ಡೇರೆಯ ಹಗ್ಗ ಹತ್ತಿದ್ದನ್ನು ನೋಡಿ ಕಂಪನಿಯವರು ನಮ್ಮ ಜೊತೆ ಕಳಿಸಿ ಎಂದು ಕೇಳಿದರು, ಅಪ್ಪ ಒಪ್ಪಿದರು. ಮುಂದೆ ಮದುವೆಯಾಗುವವರೆಗೂ ಅವರು ಊರೂರು ತಿರುಗಿ ಎತ್ತರದ ಉಯ್ಯಾಲೆಯಿಂದ ಉಯ್ಯಾಲೆಗೆ ಹಾರಿದರು.

ಇದನ್ನು ನಂಬುವವರು ಕಡಿಮೆ. ಇದ್ದ ಫೋಟೊಗಳೆಲ್ಲ ಒಂದು ಮಳೆಗಾಲದಲ್ಲಿ ಟ್ರಂಕಿನೊಳಗೇ ಕೊಳೆತು ಹೋಗಿದ್ದವು. ಅಳಿಯ ಒಳ್ಳೆಯವನೇ, ಆದರೆ ಅತ್ತೆ ಸರ್ಕಸ್ಸಿನ ಮಾತು ತೆಗೆದರೆ ಮೀಸೆಯಲ್ಲೇ ನಗುತ್ತಿದ್ದ. “ಹೇಳಿದ್ರೆ ನಗ್ತಾರೆ ಅಂತ ಈಗ ಹೇಳಾದೇ ಬಿಟ್ಟೀನ್ರಿ ಮೇಡಮ್ಮೋರೆ” ಎಂದು ಒಮ್ಮೆ ಅಂದರು, ನನ್ನ ತೋಳಿನ ಅಳತೆ ತೆಗೆಯುತ್ತಾ. ಅವರ ದನಿಯಲ್ಲಿ ಬೇಸರವಿರಲಿಲ್ಲ. ಅದೇ ನನಗೆ ಬೇಸರ ತಂದಿತು. ಚರಿತ್ರೆಯ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವಳು ಇಷ್ಟೂ ಮಾಡದಿದ್ದರೆ ಹೇಗೆ ಎಂದುಕೊಂಡು, ರಜೆ ಬಂದ ಕೂಡಲೇ ಕೇರಳದ ಕಡಲತೀರದ ಊರೊಂದಕ್ಕೆ ರೈಲು ಹತ್ತಿದೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಸರ್ಕಸ್ ಕಂಪನಿಗಳ ಕಾಗದಪತ್ರ, ಚಿತ್ರಗಳನ್ನು ಕೂಡಿಟ್ಟಿದ್ದಾರೆಂದು ತಿಳಿದಿತ್ತು.

ದಾಖಲೆ ಕೋಣೆ ಮಡಿ ಅಡುಗೆಮನೆ ಇದ್ದ ಹಾಗೆ. ಪೆನ್ನು ಒಳಗೆ ತರಬಾರದು, ಪೆನ್ಸಿಲ್ಲು ಮಾತ್ರ. ಕೈಗೆ ಬಿಳಿ ಗವಸು. ಚೀಲ ಹೊರಗೆ, ನೀರಿನ ಬಾಟಲಿ ಹೊರಗೆ, ಸಾಧ್ಯವಾದರೆ ಉಸಿರೂ ಹೊರಗೆ. ಆ ಕೋಣೆಯ ಒಡತಿ ಶೈಲಜಾ, ಮೈಸೂರಿನಲ್ಲಿ ಓದಿದವರಾದ್ದರಿಂದ ಕನ್ನಡ ಬಲ್ಲವರು. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ತಂದಿಟ್ಟರು.

ಪೋಸ್ಟರುಗಳನ್ನು ನೋಡುತ್ತಾ ಹೋದ ಹಾಗೆ ನನಗೆ ಸಿಟ್ಟೇರಿತು. ಸಿಂಹಕ್ಕೆ ಹೆಸರಿತ್ತು. ಆನೆಗೆ ಹೆಸರಿತ್ತು. ಸೈಕಲ್ ತುಳಿಯುವ ಕರಡಿಗೂ ಒಂದು ಮುದ್ದಿನ ಹೆಸರಿತ್ತು. ಪ್ರಾಣ ಪಣಕ್ಕಿಟ್ಟು ಮೇಲೆ ಹಾರುವ ಹೆಣ್ಣುಮಕ್ಕಳಿಗೆ ಮಾತ್ರ “ಗಗನ ಸುಂದರಿಯರು” ಎಂದು ಒಟ್ಟಿಗೆ ಒಂದು ಹೆಸರು.

ಮರುದಿನ ಫೋಟೊಗಳ ಪೆಟ್ಟಿಗೆ ಬಂತು. ಕಪ್ಪುಬಿಳುಪಿನ ಒಂದು ಚಿತ್ರದಲ್ಲಿ ಹುಡುಗಿಯೊಬ್ಬಳು ಉಯ್ಯಾಲೆ ಬಿಟ್ಟು, ಕೈ ಚಾಚಿ, ಏನೂ ಇಲ್ಲದ ಗಾಳಿಯಲ್ಲಿದ್ದಳು. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಕಚ್ಚಿ ಹಿಡಿದಿದ್ದಳು. ಸೂಜಿಗೆ ದಾರ ಪೋಣಿಸುವಾಗ ಫಾತಿಮಮ್ಮ ಹೀಗೆಯೇ ನಾಲಿಗೆ ಕಚ್ಚುತ್ತಾರೆ. ಚಿತ್ರದ ಕೆಳಗೆ “ಅಪರಿಚಿತ ಕಲಾವಿದೆ” ಎಂದಿತ್ತು.

“ನಾಲಿಗೆಯನ್ನು ಪುರಾವೆ ಎಂದು ಬರೆಯಲಾಗುವುದಿಲ್ಲವಲ್ಲ” ಎಂದರು ಶೈಲಜಾ. ಆದರೆ ದಾರಿಯನ್ನೂ ಅವರೇ ತೋರಿಸಿದರು. “ಚಿತ್ರ ಸಿಕ್ಕಿದೆ ಎಂದು ಹೇಳಬೇಡಿ. ಆಗ ಏನು ಉಡುತ್ತಿದ್ದರು ಎಂದಷ್ಟೇ ಕೇಳಿ.”

ಕೋಣೆಯ ಹೊರಗೆ ನಿಂತು, ಅವರಿಗೂ ಕೇಳುವಂತೆ ಸ್ಪೀಕರ್ ಹಾಕಿ ಫೋನ್ ಮಾಡಿದೆ. ಆ ಕಡೆ ಹೊಲಿಗೆ ಯಂತ್ರ ನಿಂತಿತು.

“ನೀಲಿ ಬಟ್ಟೆ ರೀ. ಎಡಗಡೆ ಸೊಂಟದ ತಾವ ಒಂದು ನಕ್ಷತ್ರ.”

“ಒಂದೇನಾ? ಎರಡೂ ಕಡೆ ಇರಲಿಲ್ಲವಾ?”

“ಒಂದೇ. ಅಲ್ಲಿ ಬಟ್ಟೆ ಹರಿದಿತ್ತು, ಮುಚ್ಚಾಕೆ ನಾನೇ ಜರಿಯಾಗೆ ಹಾಕಿದ್ದು. ಯಾಕ್ರಿ?”

ಶೈಲಜಾ ಆಗಲೇ ಒಳಗೆ ಹೋಗಿ ಭೂತಗನ್ನಡಿಯನ್ನು ಚಿತ್ರದ ಮೇಲೆ ಹಿಡಿದಿದ್ದರು. ಬಣ್ಣ ತಿಳಿಯುವಂತಿರಲಿಲ್ಲ. ಆದರೆ ಎಡಸೊಂಟದಲ್ಲಿ ಒಂದು ನಕ್ಷತ್ರ, ಒಂದೇ ಒಂದು, ಕಣ್ಣು ಹೊಡೆಯುವ ಹಾಗೆ ಹೊಳೆಯುತ್ತಿತ್ತು. ಅವರು ಅಪರಿಚಿತ ಎಂಬ ಚೀಟಿಯನ್ನು ತೆಗೆದು ಹೊಸದರಲ್ಲಿ ಬರೆದರು: ಫಾತಿಮಾಬಿ, ಸವಳಂಗ. ನಮ್ಮ ಬಸ್ಸುಗಳ ಬೋರ್ಡಿನಲ್ಲಿ ಮಾತ್ರ ನೋಡಿದ್ದ ಊರಿನ ಹೆಸರು ಅಲ್ಲಿ, ಆ ಅಚ್ಚುಕಟ್ಟಾದ ಅಕ್ಷರದಲ್ಲಿ ಕಂಡಾಗ, ಹಾರಿದವಳು ನಾನೇ ಎಂಬಷ್ಟು ಹೆಮ್ಮೆಯಾಯಿತು. ಅದರಲ್ಲಿ ನನ್ನ ಪಾಲೇನೂ ಇಲ್ಲವೆಂಬುದು ಹೆಮ್ಮೆಗೆ ಅಡ್ಡ ಬರಲಿಲ್ಲ.

ಹೆಸರಿನ ಚೀಟಿಯ ಸಮೇತ ಚಿತ್ರದ ದೊಡ್ಡ ಪ್ರತಿಯೊಂದನ್ನು ಮಾಡಿಸಿಕೊಂಡು ನ್ಯಾಮತಿಗೆ ಹೋದೆ. ಅಳಿಯ ಬಹಳ ಹೊತ್ತು ನೋಡಿದ. ಮತ್ತೆ ಒಳಗೆ ಹೋಗಿ ಅತ್ತೆಗೆ ಕುರ್ಚಿ ತಂದು ಹಾಕಿದ. ಆ ಮನೆಯಲ್ಲಿ ಅವರು ಯಾವಾಗಲೂ ಚಾಪೆಯ ಮೇಲೆ ಕೂರುವವರು. ಓಣಿಯ ಹೆಂಗಸರೆಲ್ಲ ಬಂದರು. ಎದುರು ಮನೆಯ ಗೌರಕ್ಕ, “ಇಷ್ಟು ದಿನ ನಿನ್ ಕೈಲಿ ಬರೀ ಹುಕ್ಕು ಹಾಕಿಸ್ಕೊಂಡ್ವಲ್ಲೇ ಫಾತಿಮಾ” ಎಂದು ಕೆನ್ನೆ ಸವರಿದರು.

ಫಾತಿಮಮ್ಮ ಮಾತ್ರ ತಮ್ಮನ್ನು ತಾವು ಅಷ್ಟಾಗಿ ನೋಡಿಕೊಳ್ಳಲಿಲ್ಲ. ಅವರ ಬೆರಳು ಚಿತ್ರದ ಬಲ ಅಂಚಿಗೆ ಹೋಯಿತು. ಅಲ್ಲಿ, ಚೌಕಟ್ಟಿನಾಚೆಯಿಂದ ಎರಡು ಕೈಗಳು ಚಾಚಿದ್ದವು. ಮಣಿಕಟ್ಟಿನಿಂದ ಹಿಂದೆ ಏನೂ ಇಲ್ಲ. ಅಷ್ಟು ಸಲ ನೋಡಿದ್ದರೂ ನನ್ನ ಕಣ್ಣಿಗೆ ಅವು ಬಿದ್ದಿರಲಿಲ್ಲ.

“ಇವು ರಾಘವನ್ ಮಾಸ್ತರ ಕೈ ರೀ. ತಲೆಕೆಳಗಾಗಿ ಜೋತು ಬಿದ್ದು ನಮ್ಮನ್ನ ಹಿಡಿತಿದ್ರು. ಕೆಳಗೆ ನನ್ನ ಹೆಸರು ಐತೆ, ಅವ್ರದ್ದು ಎಲ್ಲೈತೆ?”

ಶೈಲಜಾ ಅವರಿಗೆ ಅಲ್ಲಿಂದಲೇ ಫೋನ್ ಮಾಡಿ ವಿಷಯ ಹೇಳಿದೆ. ಅವರು ತಮ್ಮ ಕೆಲಸದ ಧರ್ಮ ಬಿಡಲಿಲ್ಲ. ಮುಖವೇ ಕಾಣದ ಚಿತ್ರ, ಆ ಹುಡುಗಿಯನ್ನು ಹಿಡಿದವರು ರಾಘವನ್ ಮಾಸ್ತರೇ ಎನ್ನುವುದಕ್ಕೆ ಏನಾದರೂ ಪುರಾವೆ ಉಂಟೇ ಎಂದು ಕೇಳಿದರು. ನಾನು ಫೋನನ್ನು ಫಾತಿಮಮ್ಮನ ಕೈಗೆ ಕೊಟ್ಟೆ.

“ನಾನು ಬದುಕಿದೀನಲ್ಲ ರೀ” ಎಂದರು ಫಾತಿಮಮ್ಮ.