ಮಾವನ ಬಸ್ಸೂ ಬೊಂಬಾಯಿ ವಿಮಾನವೂ

ಗೆಳೆಯರೇ, ಈಗಷ್ಟೇ ಬೆಳಗಾವಿಯಲ್ಲಿ ಇಳಿದೆವು.

ಬೊಂಬಾಯಿಯಿಂದ ಹೊರಟ ನಮ್ಮ ವಿಮಾನ ಬೆಂಗಳೂರಿನ ಮೋಡದ ಮೇಲೆ ಸುತ್ತು ಹಾಕತೊಡಗಿತು. ಇಳಿಯಲು ನೆಲವೇ ಕಾಣುತ್ತಿರಲಿಲ್ಲ. ಪಕ್ಕದಲ್ಲಿದ್ದ ಮಾವ ನನ್ನ ತೋಳು ಹಿಡಿದರು. ದಾವಣಗೆರೆಯಿಂದ ಹರಿಹರಕ್ಕೆ ಓಡುವ ಬಸ್ಸು ಅವರದು.

"ಹಿಂಗೆ ಸುತ್ತಿದ್ರೆ ಪೆಟ್ರೋಲ್ ಖಾಲಿ ಆಗಲ್ಲೇನೋ?"

ಅಷ್ಟರಲ್ಲಿ ಪೈಲಟ್ ಹೊರಗೆ ಬಂದರು. "ಹೆದರಬೇಡಿ. ಇಲ್ಲಿ ಇಳಿಯಲಾಗದಿದ್ದರೆ ಬೆಳಗಾವಿಗೆ ಹೋಗಲು, ಅಲ್ಲಿಯೂ ಸ್ವಲ್ಪ ಹೊತ್ತು ಸುತ್ತಲು ಬೇಕಾಗುವಷ್ಟನ್ನು ಬೇರೆಯೇ ಲೆಕ್ಕ ಹಾಕಿ ತುಂಬಿರುತ್ತೇವೆ. ಅದಕ್ಕೆ ಕೈ ಹಾಕುವ ಮೊದಲೇ ಇಲ್ಲಿಂದ ಹೊರಡುತ್ತೇವೆ."

ಮಾವ ಇನ್ನಷ್ಟು ಬೆವತರು. "ತುಂಬ್ಸೋನು ಮಾಲೀಕ ಅಲ್ಲೇನೋ? ಡ್ರೈವರ್ ಕದ್ದು ಮಾರ್ತಾನಂತ ನಾನು ಹರಿಹರಕ್ಕೆ ಹೋಗಿ ಬರೋವಷ್ಟೇ ಅಳೆದು ಹಾಕ್ತೀನಿ. ಇದ್ರ ಮಾಲೀಕನೂ ನನ್ನಂಗೆ ಇದ್ರೆ ಹೆಂಗೋ?"

ವಿಮಾನ ಹಿಂದಕ್ಕೆ ತಿರುಗಿತು. ಕೆಳಗೆ ಹರಿಹರದ ಸೇತುವೆ ಕಂಡಾಗ ಮಾವ ಕಣ್ಣು ಮುಚ್ಚಿಕೊಂಡರು. ಬೆಳಗಾವಿಯ ನೆಲಕ್ಕೆ ಚಕ್ರ ತಾಗುವವರೆಗೂ ತೆರೆಯಲಿಲ್ಲ.

ಇಳಿದವರೇ ಅತ್ತೆಗೆ ತಂತಿ ಕಳಿಸಿದರು. ಕ್ಷೇಮವೆಂದು ಬರೆದಿರಬೇಕೆಂದು ಇಣುಕಿ ನೋಡಿದೆ. "ಬಸ್ಸಿಗೆ ಒಂದು ಡಬ್ಬಿ ಪೆಟ್ರೋಲ್ ಹೆಚ್ಚಿಗೆ ಹಾಕಿಸು" ಎಂದಷ್ಟೇ ಇತ್ತು.

ನಾವು ಬದುಕಿದ್ದೇವೆಂದು ಅತ್ತೆ ಅದರಿಂದಲೇ ತಿಳಿದುಕೊಳ್ಳಬೇಕು.